ಅಕ್ಕಿ ತಿಂದು ಕೆಟ್ಟ ಆಳುಗಳು

ತೀರ್ಥಹಳ್ಳಿ ಕಡೆ ಅಡಿಕೆ ಕೊನೆ (ಗೊನೆ) ಕೊಯ್ಲು ಶುರುವಾದರೆ ತೋಟ ಇದ್ದವರ ಬಾಯಲ್ಲೆಲ್ಲ ಒಂದೇ ಮಾತು: 'ಆಳು ಸಿಗಲ್ಲ ಮಾರಾಯ್ರೆ.'

ಕೊಳೆರೋಗ ಬಂದು ಅಡಿಕೆ ಕಮ್ಮಿಯಾದರೆ ರೇಟು ಏರುತ್ತದೆ. ಇದನ್ನು ನಮ್ಮೂರ ಸಾಹುಕಾರರಿಗೆ ಯಾರೂ ಹೇಳಿಕೊಡಬೇಕಿಲ್ಲ. ಇನ್ನೂ ಏರಲಿ ಅಂತ ಚೀಲ ಕಟ್ಟಿಟ್ಟು ಕಾಯುತ್ತಾರೆ. ಆದರೆ ಆಳು ಕಮ್ಮಿಯಾದರೆ ಕೂಲಿ ಏರಬಾರದು. ಆಗ ಏರಬೇಕಾದ್ದು ಉಪದೇಶ.

ಅವರ ಪ್ರಕಾರ ಎಲ್ಲಕ್ಕೂ ಕಾರಣ ಅನ್ನಭಾಗ್ಯ. 'ಪುಕ್ಕಟೆ ಅಕ್ಕಿ ಕೊಟ್ಟು ಜನರನ್ನ ಸೋಮಾರಿ ಮಾಡಿಬಿಟ್ರು.' 2023ರಲ್ಲಿ ಅಕ್ಕಿ ಸಿಗದೆ, ಐದು ಕಿಲೋ ಬದಲು ಸರ್ಕಾರ ತಿಂಗಳಿಗೆ ತಲೆಗೆ 170 ರೂಪಾಯಿ ಹಾಕಿತಲ್ಲ? ಆ ದುಡ್ಡಲ್ಲೇ ಜನ ಕಾಲು ಚಾಚಿ ಮಲಗಿದ್ದಂತೆ. ಸಾಹುಕಾರರ ಪಂಪ್‌ಸೆಟ್‌ಗೂ ಕರೆಂಟು ಪುಕ್ಕಟೆ, 10 ಎಚ್‌ಪಿವರೆಗೆ. ಅದು ಮಾತ್ರ ಇನ್ನೂ ಸೋಮಾರಿಯಾಗಿಲ್ಲ, ದೇವರ ದಯೆ.

ದೊಡ್ಡವರ ತಲೆನೋವೂ ಇದೇ. ವಾರಕ್ಕೆ 90 ಗಂಟೆ ದುಡಿಯಬೇಕು ಎಂಬ ಎಲ್ ಆಂಡ್ ಟಿ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್ ಅವರ ಮಾತು 2025ರ ಜನವರಿಯಲ್ಲಿ ಸುದ್ದಿಯಾಯಿತು. ಮರುತಿಂಗಳೇ, ಸರ್ಕಾರದ ಯೋಜನೆಗಳಿಂದಾಗಿ ಕಟ್ಟಡ ಕೆಲಸಕ್ಕೆ ಜನ ಊರು ಬಿಟ್ಟು ಬರುತ್ತಿಲ್ಲ ಎಂದರು. 2023-24ರಲ್ಲಿ ಅವರಿಗೆ ಸಿಕ್ಕ ಸಂಬಳ ಸುಮಾರು 51 ಕೋಟಿ. ಅಷ್ಟು ತಗೊಂಡೂ ಅವರು ಸೋಮಾರಿಯಾಗಲಿಲ್ಲ ನೋಡಿ.

ಸಾಹುಕಾರರ ಮಗ ಬೆಂಗಳೂರಲ್ಲಿ ಸಾಫ್ಟ್‌ವೇರ್. ನಾಲ್ಕು ವರ್ಷಕ್ಕೆ ಮೂರು ಕಂಪನಿ ಹಾರಿದ, ಹಾರಿದಾಗೆಲ್ಲ ಹೈಕ್. 'ಹುಷಾರು ಹುಡುಗ' ಅಂತ ಅಪ್ಪ ಊರಿಗೆಲ್ಲ ಹೇಳಿದ್ದೇ ಹೇಳಿದ್ದು. ಕೊನೆಗಾರ ನೂರು ರೂಪಾಯಿ ಜಾಸ್ತಿ ಸಿಗುತ್ತದೆ ಅಂತ ಪಕ್ಕದ ತೋಟಕ್ಕೆ ಹೋದ. 'ನಿಯತ್ತೇ ಇಲ್ಲ ಈ ಜನಕ್ಕೆ!' ಮರದ ತುದಿಯಲ್ಲಿ ಕೂತು, ಕೊನೆ ಕೊಯ್ದು ಹಗ್ಗದಲ್ಲಿ ಇಳಿಸಿ, ಮರ ಬಾಗಿಸಿ ಇನ್ನೊಂದು ಮರಕ್ಕೆ ದಾಟುವವನು ಅವನು. ಕೆಳಗೆ ನಿಂತು ನೋಡುವ ಸಾಹುಕಾರರಿಗೆ ಕತ್ತು ನೋವು ಬರುತ್ತದೆ, ಪಾಪ.

ಈ ವರ್ಷ ಅವರು ಕಾರ್ಬನ್ ಫೈಬರ್ ದೋಟಿ ತಂದರು, ನೆಲದಲ್ಲೇ ನಿಂತು ಕೊನೆ ಕೊಯ್ಯುವ ಉದ್ದನೆ ಕೋಲು. ಮರ ಹತ್ತುವ ರಗಳೆಯೇ ಇಲ್ಲ. ಆದರೆ ದೋಟಿ ಹಿಡಿಯೋಕೂ ಆಳು ಬೇಕಲ್ವಾ? ಬಂದವನು ಹೇಳಿದ ಕೂಲಿ ಕೇಳಿ ಇವರು ಸಿಟ್ಟಾಗಿ ಮಗನಿಗೇ ಫೋನ್ ಹಚ್ಚಿದರು.

'ಒಂದು ವಾರ ರಜೆ ಹಾಕಿ ಬಾರೋ, ಕೊಯ್ಲು ಮುಗಿಸೋಣ.'

'ದಿನಕ್ಕೆ ಎಷ್ಟು ಕೊಡ್ತೀರಿ, ಅಪ್ಪಯ್ಯ?'