ಮರಕ್ಕೂ ನಿಮಗೂ ಏನು ಸಂಬಂಧ?

ಶಿರಸಿ ಪೇಟೆಯಲ್ಲಿ ನಾನು ಬಸ್ಸಿಗೆ ಕಾಯುವ ಮಾವಿನ ಮರಕ್ಕೆ ಹೋದ ವಾರ ನಂಬರು ಬಿತ್ತು. 14. ಕೆಂಪು ಪೇಂಟು ಇನ್ನೂ ಹಸಿ ಇತ್ತು. ತೊಗಟೆಯ ಬಿರುಕಿನಲ್ಲಿ ಇಳಿದು 4ರ ಕಾಲು ಒಂದು ಗೇಣು ಉದ್ದವಾಗಿತ್ತು. ಮರದ ಬುಡದಲ್ಲಿ ಬಸಳೆ ಮಾರುವ ಅಮ್ಮ, "ಲೆಕ್ಕಕ್ಕೆ ಬರ್ದಿದ್ದಂತೆ" ಅಂದರು. ಹೌದು, ಹಬ್ಬದ ಹಿಂದಿನ ದಿನ ಕೋಳಿ ಕಾಲಿಗೆ ದಾರ ಕಟ್ಟುವುದೂ ಲೆಕ್ಕಕ್ಕೇ.

ನಮ್ಮ ರಾಜ್ಯದಲ್ಲಿ ಮರ ಉಳಿಸಲಿಕ್ಕೆ ಅಂತಲೇ 1976ರ ಕಾಯ್ದೆ ಇದೆ. ಅದರಲ್ಲಿ ಮರದ ಅಧಿಕಾರಿ ಅಂತ ಒಬ್ಬರಿದ್ದಾರೆ. ಮನುಷ್ಯರಿಗೇ ಅಧಿಕಾರಿ ಸಿಗದ ಕಾಲದಲ್ಲಿ ಮರಕ್ಕೆ ಸಿಕ್ಕಿದ್ದಾರಲ್ಲ ಅಂತ ಖುಷಿಯಾಗಿ, ಮರ ಕಡಿಯಬೇಡಿ ಅಂತ ತಕರಾರು ಅರ್ಜಿ ಬರೆದುಕೊಂಡು ಅವರ ಕಚೇರಿಗೆ ಹೋದೆ. ಗುಮಾಸ್ತರು ಓದಿದರು.

"ಮರ ನಿಮ್ಮ ಜಾಗದ್ದಾ?"

"ಅಲ್ಲ."

"ನೀವು ನೆಟ್ಟಿದ್ದಾ?"

"ನಮ್ಮ ಅಜ್ಜ ಹುಟ್ಟೋ ಮೊದಲಿಂದ ಇದೆ."

"ಮತ್ತೆ ಮರಕ್ಕೂ ನಿಮಗೂ ಏನು ಸಂಬಂಧ ಮಾರಾಯ್ರೆ?"

"ಅದರ ನೆರಳಲ್ಲಿ ನಿಲ್ತೇನೆ."

"ಅದಕ್ಕೆ ದಾಖಲೆ?"

ನೆರಳಿಗೆ ಪಹಣಿ ಇನ್ನೂ ಬಂದಿಲ್ಲ. ಸುಮ್ನೆ ನಿಂತೆ.

ಇದೇ ಶಿರಸಿ ತಾಲೂಕಿನ ಸಾಲ್ಕಣಿಯ ಜನ 1983ರ ಸೆಪ್ಟೆಂಬರ್ 8ರಂದು ಕಾಡಿಗೆ ನಡೆದು ಹೋಗಿ, ಕೊಡಲಿಗೆ ಅಡ್ಡವಾಗಿ ಮರ ಅಪ್ಪಿಕೊಂಡರು. ಅವರ ಹತ್ತಿರ ಯಾವ ದಾಖಲೆ ಇತ್ತು? ಕುಮಟಾ ಪಕ್ಕದ ಹಳಕಾರದವರು ಬ್ರಿಟಿಷರ ಕಾಲದಿಂದ ಊರ ಕಾಡನ್ನು ತಾವೇ ಕಾಯುತ್ತಿದ್ದಾರೆ. ಅವರನ್ನು ಒಮ್ಮೆ 'ಏನು ಸಂಬಂಧ' ಅಂತ ಕೇಳಿ ನೋಡಬೇಕು. ನಾನೂ ಅಪ್ಪಿಕೊಳ್ಳಬಹುದಿತ್ತು. ಆದರೆ ಪೇಂಟು ಹಸಿ. ಅಂಗಿಯ ಮೇಲೆ 14 ಮೂಡಿದರೆ ಆಮೇಲೆ ಕೊಡಲಿಯವರು ಯಾರನ್ನು ಹುಡುಕಿಕೊಂಡು ಬರುತ್ತಾರೋ!

"ನೋಡಿ, ನಮ್ಮ ಜಿಲ್ಲೆಯ ಮುಕ್ಕಾಲು ಪಾಲು ಕಾಡೇ. ಪೇಟೆಯಲ್ಲೂ ಮರ ಬೇಕಾ?" ಅಂದರು ಗುಮಾಸ್ತರು.

ಈ ಮಾತು ನನಗೆ ಬಹಳ ಹಿಡಿಸಿತು. ಇನ್ನು ಮೇಲೆ ಏಪ್ರಿಲ್ ಮಧ್ಯಾಹ್ನ ಬಸ್ಸು ತಡವಾದರೆ, 40 ಕಿಲೋಮೀಟರ್ ದೂರದ ಯಾಣದ ಕಾಡಿಗೆ ಹೋಗಿ ನೆರಳಲ್ಲಿ ನಿಂತು ಬರುವುದು. ಬಸಳೆ ಅಮ್ಮನೂ ಬುಟ್ಟಿ ಹೊತ್ತು ಬರಲಿ. ಅಲ್ಲಿಗೆ ಹೋಗಲಿಕ್ಕೂ ಬಸ್ಸು ಬೇಕು, ಅದಕ್ಕೆ ಬಿಸಿಲಲ್ಲೇ ಕಾಯಬೇಕು. ಅದೊಂದು ಸಣ್ಣ ತೊಡಕು.

"ಒಂದು ಮರಕ್ಕೆ ಹತ್ತು ಗಿಡ ನೆಡ್ತೇವೆ."

"ಎಲ್ಲಿ?"

"ಕಾಡಲ್ಲಿ."

ಅಘನಾಶಿನಿ ಹೊಳೆಗೆ ಕೊಡದಲ್ಲಿ ನೀರು ಹೊಯ್ಯುವುದು ಅಂದರೆ ಇದೇ ಅಲ್ವಾ? ಗಿಡ ನೆಡುವುದರ ಬಗ್ಗೆ ನನ್ನ ತಕರಾರಿಲ್ಲ. ಅಂಕೋಲಾದ ಹೊನ್ನಳ್ಳಿಯ ತುಳಸಿ ಗೌಡರು ಸಸಿ ಬೆಳೆಸಿಯೇ ಪದ್ಮಶ್ರೀ ಪಡೆದವರು. ಯಾವ ಮರದ ಬೀಜ ಯಾವಾಗ ಆರಿಸಬೇಕು ಅಂತ ಅವರಿಗೆ ಗೊತ್ತಿತ್ತು. ಜುಲೈ ತಿಂಗಳ ವನಮಹೋತ್ಸವದವರಿಗೆ ಫೋಟೋ ಯಾವಾಗ ತೆಗೆಸಬೇಕು ಅಂತ ಗೊತ್ತು. ಒಂದೇ ಸಸಿಗೆ ಎಂಟು ಕೈ. ಒಂಬತ್ತನೆಯದು ಅದನ್ನು ಮೇಯುವ ದನದ ಬಾಯಿ.

ಅರ್ಜಿಗೆ ಸೀಲು ಹಾಕಿಸಿಕೊಂಡು ಮರದ ಹತ್ತಿರ ಬಂದೆ. 14ರ ಕೆಳಗೆ ಸರ್ಕಾರಿ ಜೀಪು ನಿಂತಿತ್ತು, ಒಳಗೆ ಡ್ರೈವರ್ ಸೀಟು ಹಿಂದಕ್ಕೆ ಚಾಚಿ ಮಲಗಿದ್ದ. ಬಿಸಿಲು ತಿರುಗಿ ಬಾನೆಟ್ಟಿನ ಮೇಲೆ ಬಿದ್ದಾಗ ಎದ್ದು, ಗಾಡಿಯನ್ನು ಎರಡು ಮಾರು ಹಿಂದೆ ತಂದು ನೆರಳಿಗೆ ಸೇರಿಸಿದ. ಮರ ಕಡಿಯುತ್ತಾರಂತೆ ಅಂದೆ.

ಅವನಿಗೆ ನಿಜವಾಗಿಯೂ ಬೇಜಾರಾಯಿತು. "ಹೌದಾ? ಯಾವತ್ತು ಅಂತ ಗೊತ್ತಾದ್ರೆ ಮೊದಲೇ ಹೇಳಿ ಮಾರಾಯ್ರೆ. ಸಾಹೇಬ್ರ ಜೀಪಿಗೆ ಬೇರೆ ಮರ ನೋಡ್ಬೇಕು."