10 ಎಕ್ಸ್ ಪಾಯಿಂಟ್ ಅಂದ್ರೆ ಶೇ. 10 ವಾಪಸ್ ಅಲ್ಲ
‘10 ಎಕ್ಸ್ ಪಾಯಿಂಟ್ ಕ್ರೆಡಿಟ್ ಕಾರ್ಡ್ ತಗೊಳ್ಳಿ, ಖರ್ಚಿನ ಶೇ. 10 ವಾಪಸ್ ಬರುತ್ತೆ’ ಅನ್ನೋ ಮೆಸೇಜ್ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ನಿಜವಲ್ಲ. 100 ರೂಪಾಯಿಗೆ 1 ಪಾಯಿಂಟ್ ಕೊಡುವ ಕಾರ್ಡ್‌ನಲ್ಲಿ 10 ಎಕ್ಸ್ ಅಂದ್ರೆ ಅದರ ಹತ್ತು ಪಟ್ಟು, 10 ಪಾಯಿಂಟ್; ಒಂದು ಪಾಯಿಂಟ್‌ಗೆ 25 ಪೈಸೆ ಬೆಲೆ ಇದ್ದರೆ ಕೈಗೆ ಸಿಗೋದು ಎರಡೂವರೆ ರೂಪಾಯಿ, ಅದೂ ಸಾಮಾನ್ಯವಾಗಿ ಬ್ಯಾಂಕ್ ಹೇಳಿದ ಆ್ಯಪ್‌ಗಳಲ್ಲಿ ಮಾತ್ರ, ತಿಂಗಳಿಗೆ ಇಷ್ಟೇ ಅನ್ನೋ ಮಿತಿಯೊಳಗೆ.

ಕಾರ್ಡ್ ಆರಿಸೋಕೆ ಮೊದಲು ಹಳೇ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು ದುಡ್ಡು ಎಲ್ಲಿ ಹೋಗುತ್ತಿದೆ ನೋಡಿ. ದಿನಸಿ ಖರ್ಚೇ ಜಾಸ್ತಿ ಇದ್ದವರಿಗೆ ವಿಮಾನ ಪ್ರಯಾಣದ ಕಾರ್ಡ್ ಸುಮ್ನೆ ಯಾಕೆ? ಬಾಡಿಗೆ, ಪೆಟ್ರೋಲ್‌ಗೆ ಎಷ್ಟೋ ಕಾರ್ಡ್‌ಗಳು ಪಾಯಿಂಟೇ ಕೊಡುವುದಿಲ್ಲ. ವಾರ್ಷಿಕ ಶುಲ್ಕ 1,000 ರೂಪಾಯಿ ಇದ್ದರೆ ಜಿಎಸ್‌ಟಿ ಸೇರಿ 1,180, ಶೇ. 1 ವಾಪಸ್ ಕೊಡುವ ಕಾರ್ಡ್‌ನಲ್ಲಿ ಅಷ್ಟು ಹುಟ್ಟೋಕೇ ವರ್ಷಕ್ಕೆ 1,18,000 ರೂಪಾಯಿ ಖರ್ಚು ಮಾಡಬೇಕು.