ಮೊದಲು ಉದ್ಘಾಟನೆ, ಆಮೇಲೆ ಹಾರಾಟ

ನನ್ನ ಮಗಳು ನಿನ್ನೆ ಸಂಜೆ ಐದೂವರೆಯಿಂದ ಏಳು ಗಂಟೆಯೊಳಗೆ ಹತ್ತೊಂಬತ್ತು ವಿಮಾನಗಳನ್ನು ಬೀಳಿಸಿದಳು. ಎಂಟನೆಯ ತರಗತಿಯ ಹುಡುಗಿಗೆ ಇದು ಸಣ್ಣ ಸಾಧನೆಯಲ್ಲ. ಇಪ್ಪತ್ತನೆಯದು ಹಾರಿತು. ಹಾರಿ, ಒಂದು ಸುತ್ತು ಹಾಕಿ, ಮೂತಿ ಕೆಳಗೆ ಮಾಡಿಕೊಂಡೇ ಇಳಿದು ಎರಡು ಚಕ್ರ ಕಳೆದುಕೊಂಡಿತು. ಅವಳು ಚಪ್ಪಾಳೆ ತಟ್ಟಿಕೊಂಡು ಊಟಕ್ಕೆ ಎದ್ದಳು.

ಆಟದ ಹೆಸರು ಸಿಂಪಲ್‌ಪ್ಲೇನ್ಸ್. ಸಿಂಪಲ್ ಎಂಬ ಮಾತನ್ನು ನಂಬಬೇಡಿ. ಕಾಕ್‌ಪಿಟ್ ಒಂದನ್ನು ಕೊಟ್ಟು ಸುಮ್ಮನಾಗುತ್ತದೆ. ಉಳಿದ ಒಡಲು, ರೆಕ್ಕೆ, ಬಾಲ, ಎಂಜಿನ್, ಇಂಧನದ ತೊಟ್ಟಿ, ಚಕ್ರ ಎಲ್ಲವನ್ನೂ ನೀವೇ ಅಂಟಿಸಬೇಕು. ಅಂಟಿಸಿದ ಮೇಲೆ ಒಂದು ಗುಂಡಿ ಒತ್ತಿದರೆ ವಿಮಾನದೊಳಗೆ ಬಣ್ಣದ ಚೆಂಡುಗಳು ಕಾಣುತ್ತವೆ. ಕೆಂಪು ಚೆಂಡು ಇರುವಲ್ಲಿ ವಿಮಾನದ ಭಾರವೆಲ್ಲ ನೆಲೆಸಿದೆ ಎಂದು ಅರ್ಥ. ನೀಲಿ ಚೆಂಡು ಇರುವಲ್ಲಿ ಗಾಳಿ ಅದನ್ನು ಮೇಲಕ್ಕೆತ್ತುತ್ತದೆ. ನೀಲಿಯು ಕೆಂಪಿಗಿಂತ ಸ್ವಲ್ಪ ಹಿಂದೆ ಇರಬೇಕು. ಮುಂದಿದ್ದರೆ ವಿಮಾನ ನೆಲ ಬಿಟ್ಟ ಕೂಡಲೇ ಬೆದರಿದ ಕುದುರೆಯಂತೆ ಹಿಂಗಾಲಿನ ಮೇಲೆ ನಿಂತು, ಬೆನ್ನಡಿಯಾಗಿ ಬೀಳುತ್ತದೆ. ಮಗಳ ಮೊದಲ ಏಳು ವಿಮಾನಗಳು ಸತ್ತದ್ದು ಇದೇ ಕಾಯಿಲೆಯಿಂದ. ಆಮೇಲಿನ ಹನ್ನೆರಡು ಬೇರೆ ಬೇರೆ ಕಾಯಿಲೆಗಳಿಂದ ಸತ್ತವು. ಒಂದೇ ತಪ್ಪನ್ನು ಅವಳು ಎಂಟನೆಯ ಸಲ ಮಾಡಲಿಲ್ಲ ಎಂಬುದನ್ನು ನಾನು ಬೆಂಗಳೂರಿನ ತೆರಿಗೆದಾರನಾಗಿ ವಿಶೇಷವಾಗಿ ಗಮನಿಸಿದೆ.

ನಾವಿರುವುದು ವಿಮಾನಪುರದಲ್ಲಿ. ಊರಿನ ಹೆಸರಿನಲ್ಲೇ ವಿಮಾನ ಇದೆ, ಆಗಾಗ ತಲೆಯ ಮೇಲೂ ಇರುತ್ತದೆ. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ಜೊತೆ ಸೇರಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ, ಅಂದರೆ ಇಂದಿನ ಎಚ್‌ಎಎಲ್, ಕಟ್ಟಿದ ನೆಲ ಇದು. ಪಕ್ಕದ ಮನೆಯ ರಾಯರು ಅಲ್ಲಿಯೇ ತಪಾಸಣೆ ವಿಭಾಗದಲ್ಲಿದ್ದು ನಿವೃತ್ತರಾದವರು. ಇಂದಿಗೂ ತರಕಾರಿ ಗಾಡಿಯವನ ಬದನೆಕಾಯಿಯನ್ನು ಬೆಳಕಿಗೆ ಹಿಡಿದು, ಬಿರುಕಿದೆಯೇ ಎಂದು ನೋಡಿಯೇ ಕೊಳ್ಳುತ್ತಾರೆ. ಮಗಳಿಗೆ ಅವರು ತಾತ. ಅವಳ ವಿಮಾನಗಳಿಗೆ ಗೌರವ ತಪಾಸಣಾಧಿಕಾರಿ. ಆಟಕ್ಕೆ ತಗಡು ಜೋಡಿಸುವ ರಿವೆಟ್ ಮೊಳೆ ಗೊತ್ತಿಲ್ಲ ಎಂಬುದೊಂದೇ ಅವರ ಬೇಸರ.

ನನಗೆ ಬೇಸರ ಬಂದದ್ದು ಬೇರೆ ಕಾರಣಕ್ಕೆ. ಇಷ್ಟು ದೊಡ್ಡ ಕಾಮಗಾರಿ, ಒಂದು ಕಡತ ಇಲ್ಲ! ಟೆಂಡರ್ ಇಲ್ಲ, ಸಮಿತಿ ಇಲ್ಲ, ಅಡಿಗಲ್ಲು ಇಲ್ಲ. ಹುಡುಗಿ ಬರುತ್ತಾಳೆ, ಕಟ್ಟುತ್ತಾಳೆ, ಬೀಳಿಸುತ್ತಾಳೆ, ಏಕೆ ಬಿತ್ತು ಎಂದು ನೋಡುತ್ತಾಳೆ, ತಿದ್ದುತ್ತಾಳೆ. ಇದು ಆಡಳಿತವೇ? ಅವಳು ಟ್ಯೂಷನ್‌ಗೆ ಹೋದ ಹೊತ್ತು ನೋಡಿಕೊಂಡು ನಾನು ಗಣಕದ ಮುಂದೆ ಕುಳಿತೆ. ಬೆಂಗಳೂರು ಮಾದರಿಯಲ್ಲಿ ಒಂದು ವಿಮಾನ ಕಟ್ಟಿಯೇ ತೀರುವುದೆಂದು ಸಂಕಲ್ಪ ಮಾಡಿದೆ.

ಮೊದಲು ಉದ್ಘಾಟನೆಯ ದಿನಾಂಕ ಗೊತ್ತುಮಾಡಿದೆ. ಉಳಿದ ಕೆಲಸವೆಲ್ಲ ಅದರಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ತಾನಾಗಿ ಹೊಂದಿಕೊಳ್ಳುತ್ತದೆ. ಹಾಗೆಯೇ ಭೂಮಿಪೂಜೆ ಮಾಡಿ ತೆಂಗಿನಕಾಯಿ ಒಡೆದೆ. ಕಾಯಿ ನೀರು ಕೀಲಿಮಣೆಯೊಳಗೆ ಇಳಿಯಿತು. ಯೋಜನೆಯ ಮೊದಲ ವೆಚ್ಚ ಹೆಚ್ಚಳ ಇದೇ.

ರೆಕ್ಕೆಯ ವಿಷಯಕ್ಕೆ ಬಂದಾಗ ಆಟದ ದೊಡ್ಡ ದೋಷವೊಂದು ಕಣ್ಣಿಗೆ ಬಿತ್ತು. ಅದರಲ್ಲಿ ಎಡ ರೆಕ್ಕೆ ಜೋಡಿಸಿದರೆ ಸಾಕು, ಒಂದು ಗುಂಡಿ ಒತ್ತಿದ ಕೂಡಲೇ ಕನ್ನಡಿಯಲ್ಲಿ ಕಂಡಂತೆ ಬಲ ರೆಕ್ಕೆಯೂ ಅದೇ ಅಳತೆಯಲ್ಲಿ ಬಂದುಬಿಡುತ್ತದೆ. ಇದನ್ನು ಒಪ್ಪುವುದು ಹೇಗೆ? 2025ರ ಸೆಪ್ಟೆಂಬರ್‌ನಿಂದ ಬೆಂಗಳೂರಿನಲ್ಲಿ ಒಂದಲ್ಲ, ಐದು ಪಾಲಿಕೆಗಳಿವೆ. ಅವುಗಳ ಮೇಲೆ ಒಂದು ಪ್ರಾಧಿಕಾರವಿದೆ. ಎಡ ರೆಕ್ಕೆ ಪೂರ್ವ ಪಾಲಿಕೆಗೆ ಬಂದರೆ ಬಲ ರೆಕ್ಕೆ ದಕ್ಷಿಣ ಪಾಲಿಕೆಗೆ ಸೇರಬೇಕು. ಹೊಟ್ಟೆ ಕೇಂದ್ರಕ್ಕೆ, ಬಾಲ ಉತ್ತರಕ್ಕೆ, ಪಶ್ಚಿಮದವರು ಮುನಿಸಿಕೊಳ್ಳದಿರಲೆಂದು ಅವರಿಗೆ ಚಕ್ರಗಳು. ಕನ್ನಡಿ ಗುಂಡಿಯನ್ನು ನಿಷ್ಕ್ರಿಯಗೊಳಿಸಿ ಎರಡು ರೆಕ್ಕೆಗೂ ಪ್ರತ್ಯೇಕ ಟೆಂಡರ್ ಕರೆದೆ. ಬಲ ರೆಕ್ಕೆ ಒಂದು ಮಾರು ಉದ್ದ ಬಂತು. ಎಡ ರೆಕ್ಕೆಯ ಗುತ್ತಿಗೆದಾರ ಹಳೆಯ ಬಿಲ್ ಪಾವತಿಯಾಗುವ ತನಕ ಅರ್ಧಕ್ಕೇ ನಿಲ್ಲಿಸಿದ. ಗಾಬರಿಯಾಗಲಿಲ್ಲ. 2017ರಲ್ಲಿ ಕೆಲಸ ಶುರುವಾದ ಈಜಿಪುರದ ಮೇಲ್ಸೇತುವೆ ವರ್ಷಗಟ್ಟಲೆ ಬರೀ ಕಂಬಗಳಾಗಿ ನಿಂತು, ಕೆಳಗೆ ಹೋಗುವವರಿಗೆ ಆಕಾಶ ತೋರಿಸಲಿಲ್ಲವೇ?

ಪಶ್ಚಿಮದವರು ಚಕ್ರದ ವಿಷಯದಲ್ಲಿ ಉದಾರಿಗಳು. ವಾರ್ಡಿಗೊಂದರಂತೆ ಹದಿನಾಲ್ಕು ಚಕ್ರ ಅಂಟಿಸಿದರು. ಬಣ್ಣ ಬಳಿದದ್ದು ಉದ್ಘಾಟನೆಯ ಹಿಂದಿನ ರಾತ್ರಿ. ಬಣ್ಣ ಒಣಗುವ ಮುನ್ನವೇ ಕೇಬಲ್‌ನವರು ಬಂದು ರೆಕ್ಕೆಯನ್ನು ಉದ್ದಕ್ಕೆ ಸೀಳಿ, ಮಣ್ಣು ಮುಚ್ಚಿ ಹೋದರು. ವಿಮಾನಕ್ಕೆ ಮಣ್ಣು ಎಲ್ಲಿಂದ ಬಂತು ಎಂದು ಯಾರೂ ಕೇಳಬೇಡಿ, ಅವರು ಜೊತೆಯಲ್ಲೇ ತಂದಿದ್ದರು. ನಗರದಲ್ಲಿ ಫ್ಲೆಕ್ಸ್ ನಿಷೇಧ ಜಾರಿಯಲ್ಲಿರುವುದರಿಂದ ರೆಕ್ಕೆಗಳ ಮೇಲೆ ಎಷ್ಟು ಹುಟ್ಟುಹಬ್ಬದ ಫ್ಲೆಕ್ಸ್ ಹಿಡಿಸುತ್ತವೆಯೋ ಅಷ್ಟು ಮಾತ್ರ ಹಾಕಿಸಿದೆ. ಗಾಳಿಗೆ ಅಡ್ಡವಾಗುವುದೆಲ್ಲ ವಿಮಾನವನ್ನು ಹಿಂದಕ್ಕೆ ಎಳೆಯುತ್ತದೆ ಎಂದು ಆಟ ಎಚ್ಚರಿಸುತ್ತಿತ್ತು. ಫ್ಲೆಕ್ಸ್‌ನಲ್ಲಿ ಕೈಮುಗಿದು ನಿಂತವರು ಮುಂದಕ್ಕೆ ಎಳೆಯಬಲ್ಲವರು ಎಂಬುದು ಆಟಕ್ಕೆ ತಿಳಿಯದು.

ಈ ಹಂತದಲ್ಲಿ ರಾಯರು ಬಂದರು. ಕನ್ನಡಕ ಏರಿಸಿಕೊಂಡು ಪರದೆಯನ್ನು ಬಹಳ ಹೊತ್ತು ನೋಡಿದರು.

“ಎಂಜಿನ್ ಎಲ್ಲಿ ಸ್ವಾಮಿ?”

“ಬರುತ್ತದೆ ರಾಯರೇ. ಎರಡನೇ ಹಂತದಲ್ಲಿ.”

ಅವರು ಕುರ್ಚಿ ಎಳೆದುಕೊಂಡು ಕುಳಿತರು. ಈ ಮನುಷ್ಯ ಕುಳಿತರೆ ಇತಿಹಾಸ ಹೇಳದೆ ಏಳುವುದಿಲ್ಲ. ಜರ್ಮನಿಯ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದು ವಿನ್ಯಾಸ ಮಾಡಿದ ಮರುತ್ ಯುದ್ಧವಿಮಾನ 1961ರ ಜೂನ್ 17ರಂದು ಹಾರಿತು. ಶಬ್ದದ ಎರಡು ಪಟ್ಟು ವೇಗಕ್ಕೆಂದು ಬರೆದ ನಕ್ಷೆ ಅದು. ಆದರೆ ಆ ವೇಗಕ್ಕೆ ತಕ್ಕ ಎಂಜಿನ್ ಸಿಗಲೇ ಇಲ್ಲ. ಸಿಕ್ಕಿದ ಆರ್ಫಿಯಸ್ ಎಂಜಿನ್‌ಗಳನ್ನು ಕಟ್ಟಿಕೊಂಡು ಅದು ಶಬ್ದದ ಹಿಂದೆಯೇ ಓಡಾಡಿಕೊಂಡು ನಿವೃತ್ತವಾಯಿತು. ಪಾಠ ಕಲಿತೆವು, ನಮ್ಮ ಎಂಜಿನ್ ನಾವೇ ಮಾಡೋಣ ಎಂದು 1989ರಲ್ಲಿ ಸಿ.ವಿ. ರಾಮನ್ ನಗರದ ಪ್ರಯೋಗಾಲಯಕ್ಕೆ ಯೋಜನೆ ಮಂಜೂರಾಯಿತು. ಹೆಸರು ಇಟ್ಟರು: ಕಾವೇರಿ. ಅದನ್ನು ಕೂರಿಸಬೇಕಿದ್ದ ನಮ್ಮ ತೇಜಸ್ ಯುದ್ಧವಿಮಾನ ಇಂದಿಗೂ ಹಾರುತ್ತಿರುವುದು ಅಮೆರಿಕದ ಎಂಜಿನ್ ಬಲದಿಂದ.

“ಹೆಸರಿನಲ್ಲೇ ಎಡವಿದರು” ಎಂದೆ. “ಬೆಂಗಳೂರಿನಲ್ಲಿ ಕಾವೇರಿ ಎಂದು ಕರೆದದ್ದು ಯಾವುದು ಹೊತ್ತಿಗೆ ಬಂದಿದೆ? 2007ರಲ್ಲಿ ನಗರಕ್ಕೆ ಸೇರಿಸಿಕೊಂಡ 110 ಹಳ್ಳಿಗಳಿಗಾಗಿ ಐದನೇ ಹಂತದ ನೀರು ಬಿಟ್ಟದ್ದು 2024ರ ಅಕ್ಟೋಬರ್‌ನಲ್ಲಿ. ಎಂಜಿನ್‌ಗೆ ಟ್ಯಾಂಕರ್ ಎಂದು ಹೆಸರಿಟ್ಟಿದ್ದರೆ ದಿನವೂ ಬೆಳಗಿನ ಐದಕ್ಕೇ ಬಾಗಿಲಿಗೆ ಬರುತ್ತಿತ್ತು.”

ರಾಯರು ನಗಲಿಲ್ಲ. ಅವರ ಮನೆಗೂ ಟ್ಯಾಂಕರ್‌ನದೇ ನೀರು.

ಕೊನೆಗೆ ರಾಯರ ಒತ್ತಾಯಕ್ಕೆ ಮಣಿದು ಒಂದು ಎಂಜಿನ್ ಹಾಕಿದೆ, ತಾತ್ಕಾಲಿಕವಾಗಿ. ಅವರು ಚೆಂಡುಗಳನ್ನು ತೋರಿಸಿ ಎಂದರು. ನೀಲಿ ಚೆಂಡು ಕೆಂಪಿಗಿಂತ ಬಹಳ ಮುಂದಿತ್ತು. ಎರಡು ರೆಕ್ಕೆ ಸರಿಸಮ ಇಲ್ಲದ್ದರಿಂದ ಬಲಕ್ಕೂ ಸರಿದಿತ್ತು. ನಾನೂ ಸುಮ್ಮನೆ ಕುಳಿತವನಲ್ಲ, ಪೂರ್ವನಿದರ್ಶನ ಹುಡುಕಿಟ್ಟುಕೊಂಡಿದ್ದೆ. “ತೇಜಸ್ ವಿನ್ಯಾಸವೂ ಅಸ್ಥಿರವೇ ಅಲ್ಲವೇ ರಾಯರೇ? ಬೇಕೆಂದೇ ಹಾಗೆ ಮಾಡಿದ್ದಾರೆ ಎಂದು ನೀವೇ ಹೇಳಿದ್ದಿರಿ.”

“ಹೇಳಿದ್ದೆ. ಚುರುಕಾಗಿ ತಿರುಗಲಿ ಎಂದು ಹಾಗೆ ಮಾಡಿದರು. ಅಸ್ಥಿರವಾದದ್ದನ್ನು ಕ್ಷಣಕ್ಷಣವೂ ಹಿಡಿದು ನಿಲ್ಲಿಸುವುದಕ್ಕೆ ನಾಲ್ಕು ಪದರದ ಗಣಕ ವ್ಯವಸ್ಥೆ ಇದೆ. ಒಂದು ಕೈಕೊಟ್ಟರೆ ಇನ್ನೊಂದು. ನಿಮ್ಮದರಲ್ಲಿ ಏನಿದೆ?”

“ಐದು ಪಾಲಿಕೆಗಳಿವೆ. ಒಂದು ಕೈಕೊಟ್ಟರೆ ಅದು ತನ್ನ ವ್ಯಾಪ್ತಿಗೆ ಬರುವುದಿಲ್ಲ ಎಂದು ಇನ್ನೊಂದು ಹೇಳುತ್ತದೆ.”

ತೇಜಸ್‌ನ ಮಾತು ಬಂದದ್ದರಿಂದ ಒಂದು ವಿಷಯ ಹೇಳಿಬಿಡುತ್ತೇನೆ. 1983ರಲ್ಲಿ ಮಂಜೂರಾದ ಆ ವಿಮಾನ ಮೊದಲ ಬಾರಿಗೆ ಹಾರಿದ್ದು 2001ರ ಜನವರಿ 4ರಂದು, ನಮ್ಮ ಇದೇ ಎಚ್‌ಎಎಲ್ ನಿಲ್ದಾಣದಿಂದ. ತಡವಾಯಿತು ಎಂದು ಇಡೀ ದೇಶ ಬೈಯಿತು, ನಾನೂ ಬೈದಿದ್ದೇನೆ. ರಸ್ತೆ, ಸೇತುವೆ ತಡವಾದಾಗ ನಮ್ಮ ಅಧಿಕಾರಿಗಳು ಈ ಉದಾಹರಣೆಯನ್ನೇ ಮುಂದೆ ಹಿಡಿಯುತ್ತಾರೆ: ವಿಮಾನಕ್ಕೇ ಅಷ್ಟು ವರ್ಷ ಬೇಕಾಯಿತು, ಇನ್ನು ಒಳಚರಂಡಿಗೆ? ಆದರೆ ಆ ವರ್ಷಗಳಲ್ಲಿ ವಿಮಾನದ ಯಂತ್ರಾಂಗಗಳನ್ನೆಲ್ಲ ಉಕ್ಕಿನ ಚೌಕಟ್ಟಿನ ಮೇಲೆ ಹರವಿ, ಕದಲದ ಹಕ್ಕಿಯೊಂದನ್ನು ಕಟ್ಟಿ, ಅದನ್ನು ನೆಲದ ಮೇಲೆಯೇ ಹಾರಿಸಿ ಹಾರಿಸಿ ನೋಡುತ್ತಿದ್ದರು. ಅದಕ್ಕೆ ಕಬ್ಬಿಣದ ಹಕ್ಕಿ ಎಂದೇ ಹೆಸರು. ನಮ್ಮ ಮೇಲ್ಸೇತುವೆಗಳ ತಡದಲ್ಲಿ ಕಬ್ಬಿಣ ಮಾತ್ರ ಇರುತ್ತದೆ, ತುಕ್ಕು ಹಿಡಿಯುತ್ತಾ.

“ಪರೀಕ್ಷೆ ಯಾವಾಗ?” ಎಂದು ಕೇಳಿದರು ರಾಯರು. ಉದ್ಘಾಟನೆಯ ನಂತರ ಎಂದೆ. ಅವರಿಗೆ ಕೇಳಿಸಲಿಲ್ಲವೇನೋ, ಮತ್ತೆ ಕೇಳಿದರು.

ಇದೇ ಊರಿನ ಎನ್‌ಎಎಲ್ ಎಂಬ ವಿಮಾನ ಸಂಶೋಧನಾಲಯದಲ್ಲಿ 1960ರ ದಶಕದಿಂದ ಒಂದು ಗಾಳಿ ಸುರಂಗವಿದೆ. 1.2 ಮೀಟರ್ ಅಗಲ. ವಿಮಾನದ ಸಣ್ಣ ಮಾದರಿಯನ್ನು ಒಳಗಿಟ್ಟು ಶಬ್ದದ ನಾಲ್ಕು ಪಟ್ಟು ವೇಗದವರೆಗೆ ಗಾಳಿ ಬಿಟ್ಟು, ಗಾಳಿ ಅದನ್ನು ಎಷ್ಟು ಎತ್ತುತ್ತದೆ, ಎಷ್ಟು ಎಳೆಯುತ್ತದೆ ಎಂದು ನೋಡುತ್ತಾರೆ. ಸರಿಹೋಗದಿದ್ದರೆ ನಕ್ಷೆ ತಿದ್ದುತ್ತಾರೆ. ಈಗ ಅದೇ ಊರಿಗೆ ಗಾಡಿ ಸುರಂಗ ಬರುತ್ತದಂತೆ, ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ. ಗಾಳಿ ಸುರಂಗಕ್ಕೂ ಗಾಡಿ ಸುರಂಗಕ್ಕೂ ಒಂದೇ ಅಕ್ಷರದ ವ್ಯತ್ಯಾಸ. ಮೊದಲನೆಯದರಲ್ಲಿ ಮಾದರಿಯನ್ನು ಇಟ್ಟು ನೋಡುತ್ತಾರೆ, ಎರಡನೆಯದರಲ್ಲಿ ನಮ್ಮನ್ನು.

ಪರೀಕ್ಷೆಯೇ ನಡೆಯುವುದಿಲ್ಲ ಎಂದು ದೂರುವವನು ನಾನಲ್ಲ. ತುಮಕೂರು ರಸ್ತೆಯ ಪೀಣ್ಯ ಮೇಲ್ಸೇತುವೆಯನ್ನೇ ನೋಡಿ. 2010ರಲ್ಲಿ ತೆರೆದರು. ಹನ್ನೊಂದು ವರ್ಷ ಉತ್ತರ ಕರ್ನಾಟಕದ ಅರ್ಧ ಸರಕು ಅದರ ಮೇಲೆ ಹಾದುಹೋಯಿತು. 2021ರ ಡಿಸೆಂಬರ್‌ನಲ್ಲಿ ಒಳಗಿನ ಕೇಬಲ್‌ಗಳು ಸಡಿಲವಾಗಿವೆ ಎಂದು ಮುಚ್ಚಿದರು. ಆಗ ಭಾರ ತುಂಬಿದ ಲಾರಿಗಳನ್ನು ಸಾಲಾಗಿ ನಿಲ್ಲಿಸಿ, ಸೇತುವೆ ಎಷ್ಟು ಬಾಗುತ್ತದೆ ಎಂದು ಅಳೆದರು. ಭಾರೀ ವಾಹನಗಳಿಗೆ ಮತ್ತೆ ದಾರಿ ಸಿಕ್ಕಿದ್ದು 2024ರಲ್ಲಿ. ಪರೀಕ್ಷೆ ಎಂದರೆ ಹೀಗಿರಬೇಕು: ಪೂರ್ಣ ಪ್ರಮಾಣದಲ್ಲಿ, ನಿಜವಾದ ಸೇತುವೆಯ ಮೇಲೆ. ನನ್ನ ಮಗಳು ವಿಮಾನ ಬಿದ್ದರೆ ಒಂದು ಗುಂಡಿ ಒತ್ತಿ ಮತ್ತೆ ರನ್‌ವೇ ಮೇಲೆ ನಿಲ್ಲಿಸುತ್ತಾಳೆ. ಆ ಸೇತುವೆಯ ತುದಿಯ ಗೊರಗುಂಟೆಪಾಳ್ಯದಲ್ಲಿ ಎರಡು ಗಂಟೆ ಸಿಕ್ಕಿಕೊಂಡವನಿಗೆ ಆ ಗುಂಡಿ ಯಾವ ಕಂಬದಲ್ಲಿದೆ ಎಂದು ಯಾರೂ ತೋರಿಸಿಲ್ಲ.

ಉದ್ಘಾಟನೆಗೆ ಸಮಯವಾಗಿತ್ತು. ಅಷ್ಟರಲ್ಲಿ ಇನ್ನೊಂದು ಅಡ್ಡಿ. ರನ್‌ವೇ ಮೇಲೆ ವಿಮಾನಗಳು ವೇಗವಾಗಿ ಓಡುತ್ತವೆ, ಮಕ್ಕಳಿರುವ ಜಾಗ, ಹಂಪ್ ಬೇಕು ಎಂದು ನನ್ನೊಳಗಿನ ನಿವಾಸಿಗಳ ಸಂಘದ ಕಾರ್ಯದರ್ಶಿ ಮನವಿ ಸಲ್ಲಿಸಿದ. ನ್ಯಾಯವಾದ ಬೇಡಿಕೆ. ಆಟದ ಮರದ ದಿಮ್ಮಿಯಂಥ ತುಂಡುಗಳನ್ನು ರನ್‌ವೇಗೆ ಅಡ್ಡವಾಗಿ ಮಲಗಿಸಿದೆ, ಮೂರು ಕಡೆ. ಬಿಳಿ ಪಟ್ಟೆ ಹೊಡೆಯಲಿಲ್ಲ. ಪಟ್ಟೆ ಹೊಡೆದರೆ ದೂರದಿಂದಲೇ ಕಂಡುಬಿಡುತ್ತದೆ.

ಟ್ಯೂಷನ್ ಮುಗಿಸಿ ಬಂದ ಮಗಳು, ರಾಯರು, ಕಾಫಿ ಲೋಟ ಹಿಡಿದ ನನ್ನ ಹೆಂಡತಿ, ಮೂವರೂ ಸಭಿಕರಾದರು. ನಾನು ಪರದೆಗೆ ಅಡ್ಡ ಕಟ್ಟಿದ್ದ ರಿಬ್ಬನ್ ಕತ್ತರಿಸಿ ಎಂಜಿನ್ ಹತ್ತಿಸಿದೆ. ವಿಮಾನ ಅಲ್ಲಾಡಲಿಲ್ಲ. ಪೂರ್ಣ ಶಕ್ತಿ ಕೊಟ್ಟೆ. ಹದಿನಾಲ್ಕು ಚಕ್ರಗಳಲ್ಲಿ ಒಂಬತ್ತು ನೆಲ ಮುಟ್ಟಿದ್ದವು, ಅವುಗಳಲ್ಲಿ ಎರಡು ಅಡ್ಡಕ್ಕೆ ತಿರುಗಿದ್ದವು. ಆದರೂ ನಿಧಾನವಾಗಿ ಹೊರಟಿತು. ಮೊದಲ ಹಂಪ್‌ನಲ್ಲಿ ಎಡ ರೆಕ್ಕೆಯ ಅರ್ಧ ಉದುರಿತು; ಇನ್ನರ್ಧ ಮೊದಲೇ ಇರಲಿಲ್ಲ. ಎರಡನೆಯದರಲ್ಲಿ ಬಾಲ ಹೋಯಿತು. ಉತ್ತರ ಪಾಲಿಕೆಗೆ ಪತ್ರ ಬರೆಯಬೇಕು ಎಂದು ಗುರುತು ಹಾಕಿಕೊಂಡೆ. ಮೂರನೆಯದನ್ನು ಮಾತ್ರ ಅದ್ಭುತವಾಗಿ ದಾಟಿತು, ಏಕೆಂದರೆ ಆ ಹೊತ್ತಿಗೆ ಅದಕ್ಕೆ ಭಾರವೇ ಇರಲಿಲ್ಲ. ಕಾಕ್‌ಪಿಟ್, ಒಂದು ಎಂಜಿನ್, ನಾಲ್ಕು ಚಕ್ರ ಉಳಿದು, ಗಂಟೆಗೆ ನಲವತ್ತು ಕಿಲೋಮೀಟರ್ ವೇಗದಲ್ಲಿ ನೇರವಾಗಿ ಹುಲ್ಲಿನೊಳಗೆ ನುಗ್ಗಿ ನಿಂತಿತು.

“ಅಪ್ಪಾ, ಇದು ವಿಮಾನವಲ್ಲ, ಆಟೋ” ಎಂದಳು ಮಗಳು.

“ನಲವತ್ತು ಕಿಲೋಮೀಟರ್ ವೇಗ, ಸಂಜೆಯ ಹೊತ್ತು. ಹೊರ ವರ್ತುಲ ರಸ್ತೆಯಲ್ಲಿ ಯಾವ ಆಟೋ ಅಷ್ಟು ಓಡುತ್ತದೆ?” ಎಂದಳು ನನ್ನ ಹೆಂಡತಿ. ಈ ಮನೆಯಲ್ಲಿ ನನ್ನ ಕೆಲಸವನ್ನು ಮೆಚ್ಚುವ ಒಂದು ಜೀವವಾದರೂ ಇದೆ.

ರಾಯರು ಮಾತಾಡದೆ ಎದ್ದು ಮನೆಗೆ ಹೋದರು. ಐದು ನಿಮಿಷದಲ್ಲಿ ಒಂದು ಕೆಂಪು ಚೀಟಿ ಹಿಡಿದು ಮರಳಿದರು. ಕೆಲಸಕ್ಕೆ ಬಾರದ ಬಿಡಿಭಾಗಕ್ಕೆ ಕಟ್ಟುವಂಥ ಚೀಟಿ, ದಾರ ಸಮೇತ. ಅದರ ಮೇಲೆ ದುಂಡಗಿನ ಅಕ್ಷರದಲ್ಲಿ ‘ತಿರಸ್ಕೃತ’ ಎಂದು ಬರೆದು, ದಿನಾಂಕ ಹಾಕಿ, ಸಹಿ ಮಾಡಿದ್ದರು. ಚೀಟಿಯನ್ನು ನನ್ನ ಪರದೆಯ ಮೂಲೆಗೆ ಕಟ್ಟಿ, ಗಂಟು ಬಿಗಿಯಾಗಿದೆಯೇ ಎಂದು ಎರಡು ಸಲ ಎಳೆದು ನೋಡಿದರು.

ಮಗಳಿಗೆ ಕನಿಕರವಾಯಿತು. ನನ್ನ ಕೈಯಿಂದ ಮೌಸ್ ತೆಗೆದುಕೊಂಡು, ಮತ್ತೆ ಮೊದಲಿನಿಂದ ಶುರುಮಾಡುವ ಗುಂಡಿಯ ಮೇಲೆ ಬಾಣದ ಗುರುತನ್ನು ತಂದು ನಿಲ್ಲಿಸಿದಳು. “ಒತ್ತು ಅಪ್ಪಾ. ಏನೂ ಆಗುವುದಿಲ್ಲ. ಕನ್ನಡಿ ಗುಂಡಿ ಹಾಕಿಕೊಂಡು ನಾನೇ ರೆಕ್ಕೆ ಮಾಡಿಕೊಡುತ್ತೇನೆ.”

ಒತ್ತುವ ಅಧಿಕಾರ ನನಗೆಲ್ಲಿದೆ? ಒಂದನೇ ಹಂತ ಯಶಸ್ವಿಯಾಗಿ ಮುಗಿದಿದೆ ಎಂದು ವರದಿ ಬರೆದು, ಸಂಜೆಯ ಸಭೆಯ ಫೋಟೋ ಅಂಟಿಸಿ, ಎರಡನೇ ಹಂತದ ಅಡಿಗಲ್ಲಿಗೆ ಇನ್ನೊಂದು ತೆಂಗಿನಕಾಯಿ ತರಲು ಹೆಂಡತಿಗೆ ಹೇಳಿದೆ.